ಎಣಿಸಿ ನೋಡಿದಾಗ ಎರಡಾದ ಜರೀಗಿಡ

ಮಕ್ಕಳೇ, ಮಲೆನಾಡಿನ ಶಾಲೆಗಳಲ್ಲಿ ಓದುವ ನಿಮ್ಮಲ್ಲಿ ಹಲವರಿಗೆ ಒಂದು ಆಟ ಗೊತ್ತಿರಬಹುದು. ರಸ್ತೆ ಪಕ್ಕದ ಧರೆಯಲ್ಲಿ ಬೆಳೆಯುವ ಒಂದು ಬಗೆಯ ಜರೀಗಿಡದ ಎಲೆ ಕಿತ್ತು, ಅದರ ಹಿಂಭಾಗವನ್ನು ಮುಂಗೈ ಮೇಲಿಟ್ಟು ಒತ್ತಿದರೆ, ಸುಣ್ಣದಲ್ಲಿ ಬರೆದಂತೆ ಬಿಳಿಯ ಎಲೆಯ ಚಿತ್ರ ಮೂಡುತ್ತದೆ! ಬಯಲುಸೀಮೆಯ ಮಕ್ಕಳು ಹಳೆಯ ಬಾವಿಯ ಒಳಗೋಡೆಯಲ್ಲಿ ಜರೀಗಿಡಗಳನ್ನು ನೋಡಿರುತ್ತೀರಿ. ಕೊಡಗಿನ ಮಕ್ಕಳಂತೂ ಮಳೆಗಾಲದಲ್ಲಿ ತೆರ್ಮೆ ಸೊಪ್ಪಿನ ಪಲ್ಯವನ್ನೇ ತಿಂದಿರುತ್ತೀರಿ. ಸುರುಳಿ ಸುತ್ತಿಕೊಂಡ ಆ ಎಳೆಯ ಚಿಗುರು ಕೂಡ ಜರೀಗಿಡದ್ದೇ.

ಜರೀಗಿಡಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವೂ ಇಲ್ಲ. ಎಲೆಯನ್ನು ತಿರುಗಿಸಿ ನೋಡಿದರೆ ಅನೇಕ ಜರೀಗಿಡಗಳಲ್ಲಿ ಕಂದು ಬಣ್ಣದ ಚುಕ್ಕಿಗಳು ಸಾಲಾಗಿ ಕಾಣುತ್ತವೆ. ಅವು ರೋಗವಲ್ಲ. ಒಂದೊಂದು ಚುಕ್ಕಿಯಲ್ಲೂ ಹಲವಾರು ಪುಟ್ಟ ಚೀಲಗಳಿರುತ್ತವೆ. ಚೀಲದೊಳಗೆ ಧೂಳಿನಷ್ಟು ಸಣ್ಣ ಬೀಜಾಣುಗಳು ಇರುತ್ತವೆ. ಅವು ಗಾಳಿಯಲ್ಲಿ ತೇಲಿಹೋಗಿ, ತೇವವಿದ್ದಲ್ಲಿ ಬಿದ್ದು ಬೆಳೆಯುತ್ತವೆ.

ಹೂವನ್ನು ನೋಡಿ ದಾಸವಾಳ ಯಾವುದು, ತುಂಬೆ ಯಾವುದು ಎಂದು ನೀವು ಥಟ್ಟನೆ ಹೇಳಬಲ್ಲಿರಿ. ಹೂವೇ ಇಲ್ಲದ ಗಿಡಗಳಲ್ಲಿ ಹಾಗೆ ಹೇಳುವುದು ಹೇಗೆ? ಎರಡು ಜರೀಗಿಡಗಳು ಅಕ್ಕ ತಂಗಿಯರಂತೆ ಒಂದೇ ತೆರನಾಗಿದ್ದರೆ, ಅವು ಒಂದೇ ಪ್ರಭೇದವೋ ಬೇರೆ ಬೇರೆಯೋ? ಈ ಪ್ರಶ್ನೆಗೆ ಉತ್ತರ ಹುಡುಕಲು ಹಲವು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತವರು ಐರೀನ್ ಮ್ಯಾಂಟನ್. ಬನ್ನಿ, ಅವರ ಕಥೆಯನ್ನು ತಿಳಿಯೋಣ.

ಲಂಡನ್ನಿನ ಅಕ್ಕ ತಂಗಿ

ಐರೀನ್ ಹುಟ್ಟಿದ್ದು 1904ರಲ್ಲಿ, ಇಂಗ್ಲೆಂಡಿನ ಲಂಡನ್ ನಗರದಲ್ಲಿ. ತಂದೆ ದಂತವೈದ್ಯರು. ತಾಯಿ ಕಸೂತಿ ಕೆಲಸದಲ್ಲಿ ನುರಿತವರು. ಅಕ್ಕ ಸಿಡ್ನಿ ಎರಡು ವರ್ಷ ದೊಡ್ಡವರು. ಅಕ್ಕನಿಗೆ ಪ್ರಾಣಿಗಳ ಮೇಲೆ ಒಲವು, ತಂಗಿಗೆ ಗಿಡಗಳ ಮೇಲೆ ಒಲವು. ಶಾಲೆ ಮುಗಿಸಿ ಇಬ್ಬರೂ ಓದಲು ಹೋದದ್ದು ಕೇಂಬ್ರಿಜ್‌ನಲ್ಲಿದ್ದ ಗರ್ಟನ್ ಎಂಬ ಮಹಿಳಾ ಕಾಲೇಜಿಗೆ.

ಮಕ್ಕಳೇ, ಆ ಕಾಲದ ಒಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳು ಪಾಠ ಕೇಳಬಹುದಿತ್ತು, ಪರೀಕ್ಷೆ ಬರೆಯಬಹುದಿತ್ತು. ಆದರೆ ಅವರಿಗೆ ಸಿಗುತ್ತಿದ್ದುದು ಹೆಸರಿಗಷ್ಟೇ ಪದವಿ. ಗಂಡುಮಕ್ಕಳಂತೆ ವಿಶ್ವವಿದ್ಯಾಲಯದ ಪೂರ್ಣ ಸದಸ್ಯರಾಗಲು ಅವರು 1948ರವರೆಗೂ ಕಾಯಬೇಕಾಯಿತು. ಅಕ್ಕ ಸಿಡ್ನಿ ಪ್ರಾಣಿಶಾಸ್ತ್ರದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಹೆಣ್ಣು ಎಂಬ ಒಂದೇ ಕಾರಣಕ್ಕೆ ಅವರಿಗೆ ವಿಶ್ವವಿದ್ಯಾಲಯದ ಬಹುಮಾನ ಸಿಗಲಿಲ್ಲ. ಐರೀನ್ 1923ರಿಂದ 1926ರವರೆಗೆ ಅಲ್ಲಿ ಓದಿದರು. ಮುಂದೇನು ಎಂಬ ಪ್ರಶ್ನೆ ಎದುರಿಗಿತ್ತು. ಅವರು ಗಂಟುಮೂಟೆ ಕಟ್ಟಿಕೊಂಡು ಸ್ವೀಡನ್ ದೇಶಕ್ಕೆ ಹೊರಟರು.

ಸ್ವೀಡನ್ನಿನಲ್ಲಿ ಕಲಿತ ಲೆಕ್ಕ

ಸ್ಟಾಕ್‌ಹೋಮ್ ನಗರದಲ್ಲಿ ಓಟ್ಟೋ ರೋಸೆನ್‌ಬರ್ಗ್ ಎಂಬ ಸಸ್ಯವಿಜ್ಞಾನಿ ಇದ್ದರು. ಅವರು ಗಿಡಗಳ ವರ್ಣತಂತುಗಳನ್ನು ಎಣಿಸುವುದರಲ್ಲಿ ಹೆಸರಾದವರು.

ವರ್ಣತಂತು ಎಂದರೇನು? ಎಲ್ಲ ಜೀವಿಗಳ ದೇಹವೂ ಜೀವಕೋಶಗಳಿಂದ ಆಗಿದೆಯೆಂದು ನೀವು ಓದಿದ್ದೀರಿ. ಜೀವಕೋಶದ ನಡುವೆ ಕೋಶಕೇಂದ್ರವಿದೆ. ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಕೋಶಕೇಂದ್ರದೊಳಗೆ ಸಣ್ಣ ಸಣ್ಣ ದಾರದ ತುಂಡುಗಳಂತಹವು ಕಾಣಿಸುತ್ತವೆ. ಅವು ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ ಅವುಗಳಿಗೆ ವರ್ಣತಂತುಗಳೆಂದು ಹೆಸರು. ಗಿಡದ ಗುಣಗಳು ತಾಯಿ ತಂದೆಯರಿಂದ ಮುಂದಿನ ಪೀಳಿಗೆಗೆ ಸಾಗುವುದು ಇವುಗಳ ಮೂಲಕ. ಸಾಮಾನ್ಯವಾಗಿ ವರ್ಣತಂತುಗಳು ಜೋಡಿ ಜೋಡಿಯಾಗಿರುತ್ತವೆ. ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು.

ಕೀಟಗಳನ್ನು ಹಿಡಿಯುವ ಡ್ರಾಸೆರಾ ಗಿಡದ ಹೆಸರು ಕೇಳಿದ್ದೀರಲ್ಲವೇ? ಒಂದಕ್ಕೊಂದು ಹತ್ತಿರದ ಎರಡು ಡ್ರಾಸೆರಾಗಳನ್ನು ರೋಸೆನ್‌ಬರ್ಗ್ ಹೋಲಿಸಿದ್ದರು. ಒಂದರಲ್ಲಿ 20 ವರ್ಣತಂತುಗಳು, ಇನ್ನೊಂದರಲ್ಲಿ 40. ಎರಡೂ ಕೂಡಿ ಹುಟ್ಟಿದ ಸಂಕರ ಗಿಡದಲ್ಲಿ ಎಷ್ಟಿರಬೇಕು? ಒಂದರಿಂದ ಅರ್ಧ, ಇನ್ನೊಂದರಿಂದ ಅರ್ಧ. ಅಂದರೆ 10 ಮತ್ತು 20, ಒಟ್ಟು 30. ಈ 30ರಲ್ಲಿ 10 ಜೋಡಿಗಳಾದವು, ಉಳಿದ 10ಕ್ಕೆ ಜೊತೆಯೇ ಸಿಗಲಿಲ್ಲ. ವರ್ಣತಂತುಗಳನ್ನು ಎಣಿಸಿದರೆ ಗಿಡಗಳ ನಂಟಸ್ತಿಕೆ ತಿಳಿಯಬಹುದು ಎಂಬ ಪಾಠ ಐರೀನ್ ಅವರ ಮನಸ್ಸಿನಲ್ಲಿ ನಾಟಿತು.

ಊರಿಗೆ ಮರಳಿದ ಮೇಲೆ 1920ರ ದಶಕದ ಕೊನೆಯಲ್ಲಿ ಅವರು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕರಾದರು. ಸಾಸಿವೆ, ಮೂಲಂಗಿ, ಕೋಸುಗಳ ಕುಟುಂಬಕ್ಕೆ ಸೇರಿದ ನೂರಾರು ಗಿಡಗಳ ವರ್ಣತಂತುಗಳನ್ನು ಎಣಿಸಿದರು. ಅದೇ ಕುಟುಂಬದಲ್ಲಿ ವಾಟರ್‌ಕ್ರೆಸ್ ಎಂಬ ಸೊಪ್ಪು ಇದೆ. ಹರಿಯುವ ನೀರಿನಲ್ಲಿ ಬೆಳೆಯುವ ಇದನ್ನು ಇಂಗ್ಲೆಂಡಿನ ಜನ ಹಸಿಯಾಗಿಯೇ ತಿನ್ನುತ್ತಾರೆ. ಅಲ್ಲಿನ ರೈತರು ಎರಡು ಬಗೆಯ ಸೊಪ್ಪು ಬೆಳೆಯುತ್ತಿದ್ದರು. ಒಂದು ಚಳಿಗಾಲದಲ್ಲೂ ಹಸಿರು, ಇನ್ನೊಂದು ಚಳಿ ಬಂದೊಡನೆ ಕಂದು. ಐರೀನ್ ಎಣಿಸಿದರು. ಹಸಿರು ಸೊಪ್ಪಿನಲ್ಲಿ 32 ವರ್ಣತಂತುಗಳಿದ್ದವು. ಕಾಡು ತೊರೆಗಳಲ್ಲಿದ್ದ ಅದರ ನೆಂಟ ಗಿಡದಲ್ಲಿ 64. ರೈತರ ಕಂದು ಸೊಪ್ಪಿನಲ್ಲಿ 48! ಈಗ ನೀವೇ ಹೇಳಿ, ಕಂದು ಸೊಪ್ಪು ಯಾರ ಮಗು? ಹೌದು, 16 ಮತ್ತು 32 ಸೇರಿದರೆ 48. ಅದು ಎರಡರ ಸಂಕರ. ಜೋಡಿ ಕೂಡದ ವರ್ಣತಂತುಗಳು ಇದ್ದುದರಿಂದ ಅದರಲ್ಲಿ ಬೀಜ ಸರಿಯಾಗಿ ಕಟ್ಟುತ್ತಿರಲಿಲ್ಲ. ರೈತರು ಕಾಂಡದ ತುಂಡುಗಳನ್ನು ನೆಟ್ಟೇ ಅದನ್ನು ಬೆಳೆಸುತ್ತಿದ್ದರು. ಈ ಸಂಗತಿ ಪ್ರಕಟವಾದದ್ದು 1935ರಲ್ಲಿ.

ಮುಷ್ಟಿಯಲ್ಲಿದ್ದ ಶಾವಿಗೆ

ಮ್ಯಾಂಚೆಸ್ಟರಿನಲ್ಲಿದ್ದಾಗಲೇ ಅವರ ಗಮನ ಜರೀಗಿಡಗಳ ಕಡೆ ಹರಿಯಿತು. ಅವುಗಳ ವರ್ಣತಂತುಗಳನ್ನು ಎಣಿಸುವುದು ಸುಲಭವಲ್ಲ. ಸಾಸಿವೆಯ ಕುಟುಂಬದಲ್ಲಿ ಹತ್ತಿಪ್ಪತ್ತರ ಲೆಕ್ಕವಾದರೆ, ಜರೀಗಿಡಗಳಲ್ಲಿ ನೂರರ ಮೇಲಿನ ಲೆಕ್ಕ. ಕಣ್ಣಿಗೇ ಕಾಣದ ಒಂದು ಕೋಶದೊಳಗೆ ನೂರಾರು ತುಂಡುಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಆಗಿನ ಪದ್ಧತಿಯಂತೆ ಗಿಡದ ಭಾಗವನ್ನು ತೆಳುವಾಗಿ ಕತ್ತರಿಸಿ ನೋಡಿದರೆ ವರ್ಣತಂತುಗಳೂ ತುಂಡಾಗುತ್ತಿದ್ದವು. ಲೆಕ್ಕ ತಪ್ಪುತ್ತಿತ್ತು.

ಇದಕ್ಕೊಂದು ಉಪಾಯವಿತ್ತು. ಎಳೆಯ ಬೀಜಾಣು ಚೀಲಗಳನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಒಂದು ಹನಿ ಕೆಂಪು ಬಣ್ಣ ಹಾಕಬೇಕು. ಈ ಬಣ್ಣ ಬರುವುದು ಒಂದು ಬಗೆಯ ಕೀಟದಿಂದ! ಅದರ ಮೇಲೆ ತೆಳುವಾದ ಗಾಜಿನ ಚೂರನ್ನು ಮುಚ್ಚಿ ಹೆಬ್ಬೆರಳಿನಿಂದ ಒತ್ತಬೇಕು. ಕೋಶಗಳು ಚಪ್ಪಟೆಯಾಗಿ ವರ್ಣತಂತುಗಳು ಹರಡಿಕೊಳ್ಳುತ್ತವೆ. ಮುಷ್ಟಿಯಲ್ಲಿದ್ದ ಶಾವಿಗೆ ಚೂರುಗಳನ್ನು ಎಣಿಸಲಾಗದು, ಮೊರದ ಮೇಲೆ ಹರಡಿದರೆ ಎಣಿಸಬಹುದು. ಹಾಗೆಯೇ ಇದು. ಒತ್ತಿದ್ದು ಕಡಿಮೆಯಾದರೆ ತಂತುಗಳು ಬಿಡಿಸಿಕೊಳ್ಳುವುದಿಲ್ಲ, ಹೆಚ್ಚಾದರೆ ಕೋಶ ಒಡೆದು ಕೆಲವು ಹೊರಗೆ ಹೋಗಿಬಿಡುತ್ತವೆ. ಬೀಜಾಣು ಹುಟ್ಟುವ ಹೊತ್ತಿಗೆ ವರ್ಣತಂತುಗಳು ಜೋಡಿಯಾಗಿ ನಿಲ್ಲುತ್ತವೆ. ಆ ಗಳಿಗೆ ತಪ್ಪಿದರೆ ಆ ಎಲೆಯಿಂದ ಪ್ರಯೋಜನವಿಲ್ಲ. ಇಂತಹ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂದು ಊಹಿಸಿಕೊಳ್ಳಿ.

ಇನ್ನೊಂದು ಮಾತು. ಮನುಷ್ಯನ ಜೀವಕೋಶದಲ್ಲಿ 46 ವರ್ಣತಂತುಗಳಿವೆ ಎಂದು ಇಂದು ಎಲ್ಲ ಪುಸ್ತಕಗಳಲ್ಲಿದೆ. ಆದರೆ 1956ರವರೆಗೂ ವಿಜ್ಞಾನಿಗಳು ಅವು 48 ಎಂದೇ ನಂಬಿದ್ದರು! ನಮ್ಮದೇ ಲೆಕ್ಕ ತಪ್ಪಾಗಿದ್ದ ಕಾಲದಲ್ಲಿ ಐರೀನ್ ಮ್ಯಾಂಟನ್ ಜರೀಗಿಡಗಳಲ್ಲಿ ನೂರು, ಇನ್ನೂರನ್ನು ಎಣಿಸುತ್ತಿದ್ದರು. ತಾವು ಹೇಳಿದ್ದನ್ನು ಓದುಗರು ಸುಮ್ಮನೆ ಒಪ್ಪಿಕೊಳ್ಳಬೇಕೆಂದು ಅವರು ಬಯಸಲಿಲ್ಲ. ತಮ್ಮ ಪುಸ್ತಕದಲ್ಲಿ ಕೋಶದ ಛಾಯಾಚಿತ್ರಗಳ ಜೊತೆಗೆ ಅವುಗಳನ್ನು ಬಿಡಿಸಿ ತೋರಿಸುವ ರೇಖಾಚಿತ್ರಗಳನ್ನೂ ಕೊಟ್ಟರು. ಅನುಮಾನವಿದ್ದವರು ತಾವೇ ಎಣಿಸಿ ನೋಡಬಹುದಿತ್ತು.

ಒಂದೇ ಹೆಸರು, ಮೂರು ಗಿಡ

ಈಗ ನಮ್ಮ ಮುಖ್ಯ ಕಥೆಗೆ ಬರೋಣ. ಬ್ರಿಟನ್ನಿನ ಹಳೆಯ ಕಲ್ಲುಗೋಡೆಗಳ ಮೇಲೆ, ಬಂಡೆಗಳ ಮೇಲೆ, ಮರದ ಕೊಂಬೆಗಳ ಮೇಲೆ ಪಾಲಿಪೋಡಿಯಂ ಎಂಬ ಜರೀಗಿಡ ಬೆಳೆಯುತ್ತದೆ. ಈ ಹೆಸರಿಗೆ ಹಲವು ಪಾದಗಳುಳ್ಳದ್ದು ಎಂದರ್ಥ. ಅಲ್ಲಿ ಇದು ತೀರಾ ಸಾಮಾನ್ಯ. ಆದ್ದರಿಂದ ಲಿನೀಯಸ್ ಎಂಬ ವಿಜ್ಞಾನಿ 1753ರಲ್ಲಿ ಇದನ್ನು ಪಾಲಿಪೋಡಿಯಂ ವಲ್ಗೇರ್ ಎಂದು ಕರೆದಿದ್ದರು. ವಲ್ಗೇರ್ ಎಂದರೆ ಸಾಮಾನ್ಯವಾದದ್ದು. ಕೆಲವು ಗಿಡಗಳ ಎಲೆ ಕಿರಿದು, ಕೆಲವುಗಳದ್ದು ಅಗಲ. ಅದು ಜಾಗದ ಗುಣ, ನೆರಳು ಬಿಸಿಲಿನ ಗುಣ ಎಂದು ಅನೇಕರು ಭಾವಿಸಿದ್ದರು.

ಮ್ಯಾಂಟನ್ ಬೇರೆ ಬೇರೆ ಕಡೆಯ ಗಿಡಗಳನ್ನು ತರಿಸಿ ಎಣಿಸಿದರು. ಕೆಲವು ಗಿಡಗಳಲ್ಲಿ 74 ವರ್ಣತಂತುಗಳು. ಕೆಲವುಗಳಲ್ಲಿ 148. ಇನ್ನು ಕೆಲವುಗಳಲ್ಲಿ 222! ಈ ಸಂಖ್ಯೆಗಳನ್ನು 37ರಿಂದ ಭಾಗಿಸಿ ನೋಡಿ. ಎರಡು, ನಾಲ್ಕು, ಆರು ಬರುತ್ತದೆ. 37 ವರ್ಣತಂತುಗಳನ್ನು ಒಂದು ಕಂತೆ ಎಂದುಕೊಂಡರೆ, ಒಂದರಲ್ಲಿ ಎರಡು ಕಂತೆ, ಮತ್ತೊಂದರಲ್ಲಿ ನಾಲ್ಕು ಕಂತೆ, ಮೂರನೆಯದರಲ್ಲಿ ಆರು ಕಂತೆ. ಒಂದೇ ಹೆಸರಿನ ಕೆಳಗೆ ಮೂರು ಬಗೆಯ ಗಿಡಗಳಿದ್ದವು. ಈ ವಿಷಯವನ್ನು ಅವರು 1947ರಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಅವರು ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು.

ಎಣಿಕೆಯೇನೋ ಆಯಿತು. ಆದರೆ ಕಾಡಿನಲ್ಲಿ ನಡೆಯುವವರು ಸೂಕ್ಷ್ಮದರ್ಶಕ ಹೊತ್ತುಕೊಂಡು ಹೋಗಲಾರರು. ಹೊರಗಿನಿಂದ ನೋಡಿ ಗುರುತಿಸಲು ಬರುತ್ತದೆಯೇ? ಲೀಡ್ಸ್‌ನಲ್ಲಿಯೇ ಇದ್ದ ಶಿವಾಸ್ ಎಂಬ ಮಹಿಳಾ ವಿಜ್ಞಾನಿ ಯೂರೋಪ್ ಮತ್ತು ಅಮೆರಿಕಗಳ ಪಾಲಿಪೋಡಿಯಂ ಗಿಡಗಳನ್ನು ಹೋಲಿಸಿ ಅಧ್ಯಯನ ಮಾಡಿದರು. 148 ವರ್ಣತಂತುಗಳ ಗಿಡ ಪಾಲಿಪೋಡಿಯಂ ವಲ್ಗೇರ್ ಆಗಿಯೇ ಉಳಿಯಿತು. 222 ವರ್ಣತಂತುಗಳ ಗಿಡಕ್ಕೆ 1961ರಲ್ಲಿ ಅವರು ಪಾಲಿಪೋಡಿಯಂ ಇಂಟರ್ಜೆಕ್ಟಮ್ ಎಂದು ಹೊಸ ಹೆಸರಿಟ್ಟರು. ನಡುವೆ ಸೇರಿಕೊಂಡದ್ದು ಎಂದು ಅದರ ಅರ್ಥ. 74 ವರ್ಣತಂತುಗಳ ಗಿಡವನ್ನು ಇಂದು ಪಾಲಿಪೋಡಿಯಂ ಕ್ಯಾಂಬ್ರಿಕಂ ಎನ್ನುತ್ತಾರೆ.

ಮೊದಲ ಎರಡು ಗಿಡಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಎಲೆಯ ಆಕಾರ: ವಲ್ಗೇರ್‌ನ ಎಲೆ ಕಿರಿದು, ಎರಡೂ ಅಂಚುಗಳು ಬಹುದೂರ ಸಮಾನಾಂತರವಾಗಿ ಸಾಗುತ್ತವೆ. ಇಂಟರ್ಜೆಕ್ಟಮ್‌ನ ಎಲೆ ಅದಕ್ಕಿಂತ ಅಗಲ.

ಹಿಂಭಾಗದ ಚುಕ್ಕಿಗಳು: ವಲ್ಗೇರ್‌ನಲ್ಲಿ ದುಂಡು. ಇಂಟರ್ಜೆಕ್ಟಮ್‌ನಲ್ಲಿ ಸ್ವಲ್ಪ ಉದ್ದವಾಗಿ ಮೊಟ್ಟೆಯಾಕಾರ.

ಹೊಸ ಎಲೆ ಬರುವ ಕಾಲ: ವಲ್ಗೇರ್‌ನಲ್ಲಿ ಬೇಸಿಗೆಯ ಮೊದಲಲ್ಲಿ. ಇಂಟರ್ಜೆಕ್ಟಮ್‌ನಲ್ಲಿ ತಡವಾಗಿ, ಬೇಸಿಗೆಯ ಕೊನೆಗೆ.

ಬೀಜಾಣು: ಇಂಟರ್ಜೆಕ್ಟಮ್‌ನ ಬೀಜಾಣುಗಳು ಗಾತ್ರದಲ್ಲಿ ದೊಡ್ಡವು. ಹೆಚ್ಚು ವರ್ಣತಂತುಗಳಿಗೆ ಹೆಚ್ಚು ಜಾಗ ಬೇಕಲ್ಲವೇ?

ಗಮನಿಸಿದಿರಾ? ಈ ವ್ಯತ್ಯಾಸಗಳೆಲ್ಲ ಹಿಂದೆಯೂ ಇದ್ದವು. ಗಿಡಗಳು ದಿನವೂ ಅವನ್ನು ತೋರಿಸುತ್ತಲೇ ಇದ್ದವು. ಯಾವ ವ್ಯತ್ಯಾಸ ಮುಖ್ಯ, ಯಾವುದು ಬಿಸಿಲು ನೆರಳಿನಿಂದ ಬಂದದ್ದು ಎಂದು ನಿರ್ಧರಿಸಲು ವರ್ಣತಂತುಗಳ ಎಣಿಕೆ ನೆರವಾಯಿತು.

ಆರು ಕಂತೆ ಬಂದದ್ದು ಹೇಗೆ?

222 ಎಂಬ ಸಂಖ್ಯೆ ಎಲ್ಲಿಂದ ಬಂತು? ಇದನ್ನು ತಿಳಿಯಲು ಜರೀಗಿಡದ ಬಾಳನ್ನು ಸ್ವಲ್ಪ ನೋಡಬೇಕು. ಬೀಜಾಣು ಮೊಳೆತರೆ ನೇರವಾಗಿ ಜರೀಗಿಡವಾಗುವುದಿಲ್ಲ. ಮೊದಲು ಉಗುರಿನಷ್ಟು ಸಣ್ಣದಾದ, ಹೃದಯದಾಕಾರದ ಹಸಿರು ಸಸಿಯಾಗುತ್ತದೆ. ಅದರ ಅಡಿಯಲ್ಲಿ ಅಂಡಾಣು ಮತ್ತು ವೀರ್ಯಾಣುಗಳು ಹುಟ್ಟುತ್ತವೆ. ಮಳೆ ಬಂದು ನೀರು ನಿಂತಾಗ ವೀರ್ಯಾಣು ಈಜಿಕೊಂಡು ಹೋಗಿ ಅಂಡಾಣುವನ್ನು ಸೇರುತ್ತದೆ. ಆಮೇಲೆ ಬರುವುದೇ ನಾವು ಕಾಣುವ ಜರೀಗಿಡ. ಅಂಡಾಣು, ವೀರ್ಯಾಣು ಎರಡರಲ್ಲೂ ಅರ್ಧರ್ಧ ವರ್ಣತಂತುಗಳಿರುತ್ತವೆ.

ಬಹು ಹಿಂದೆ ಒಮ್ಮೆ 148ರ ಗಿಡವೂ 74ರ ಗಿಡವೂ ಕೂಡಿದವು. ಒಂದರಿಂದ 74, ಇನ್ನೊಂದರಿಂದ 37. ಹುಟ್ಟಿದ ಸಂಕರ ಗಿಡದಲ್ಲಿ 111. ಇವು ಸರಿಯಾಗಿ ಜೋಡಿಯಾಗಲಾರವು. ಆದ್ದರಿಂದ ಆ ಗಿಡದ ಬೀಜಾಣುಗಳು ಜೊಳ್ಳು. ಅದರ ವಂಶ ಅಲ್ಲಿಗೇ ನಿಲ್ಲಬೇಕಾಗಿತ್ತು. ಆದರೆ ಎಂದೋ ಒಮ್ಮೆ ಅದರ ವರ್ಣತಂತುಗಳು ಇಮ್ಮಡಿಯಾದವು. 111 ಇದ್ದದ್ದು 222 ಆಯಿತು. ಈಗ ಪ್ರತಿಯೊಂದಕ್ಕೂ ಒಂದು ಜೊತೆ ಸಿಕ್ಕಿತು! ಒಳ್ಳೆಯ ಬೀಜಾಣುಗಳು ಹುಟ್ಟಿದವು. ಹೊಸ ಪ್ರಭೇದವೊಂದು ಭೂಮಿಗೆ ಬಂತು. ಹೊಸ ಪ್ರಭೇದ ಹುಟ್ಟಲು ಯಾವಾಗಲೂ ಲಕ್ಷಾಂತರ ವರ್ಷಗಳ ನಿಧಾನ ಬದಲಾವಣೆಯೇ ಬೇಕೆಂದಿಲ್ಲ, ಹೀಗೆ ಒಮ್ಮೆಲೇ ಹುಟ್ಟುವುದೂ ಉಂಟು. ಜರೀಗಿಡಗಳಲ್ಲಿ ಇದು ಎಷ್ಟು ಸಾಮಾನ್ಯ ಎಂಬುದನ್ನು ಮ್ಯಾಂಟನ್ ಅವರು 1950ರಲ್ಲಿ ಹೊರತಂದ ದೊಡ್ಡ ಪುಸ್ತಕ ತೋರಿಸಿಕೊಟ್ಟಿತು.

ನಮ್ಮ ನೆರೆಹೊರೆಯಲ್ಲಿ

ಬ್ರಿಟನ್ನಿನ ಚಳಿಯ ನಾಡಿನಲ್ಲಿ ಕಂಡದ್ದು ಬಿಸಿಲು ನಾಡಿನಲ್ಲೂ ನಿಜವೇ? ಇದನ್ನು ಪರೀಕ್ಷಿಸಲು ಮ್ಯಾಂಟನ್ ಶ್ರೀಲಂಕಾಗೆ ಬಂದರು. ಅಲ್ಲಿನ ಜರೀಗಿಡಗಳನ್ನು ಸಂಗ್ರಹಿಸಿ, ಸ್ಲೆಡ್ಜ್ ಎಂಬ ಸಹೋದ್ಯೋಗಿಯೊಂದಿಗೆ 1954ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಲ್ಲಿಯೂ ಕಂತೆಗಳು ಹೆಚ್ಚಿದ ಗಿಡಗಳು ಬಹಳವಿದ್ದವು.

ಅದೇ 1954ರಲ್ಲಿ ನಮ್ಮ ಪಕ್ಕದ ಕೇರಳದ ಸಸ್ಯವಿಜ್ಞಾನಿಗಳಾದ ಅಬ್ರಹಾಂ ಮತ್ತು ನೈನನ್ ಒಂದು ಪುಟ್ಟ ಜರೀಗಿಡದ ವರ್ಣತಂತುಗಳನ್ನು ಎಣಿಸಿದರು. ಒಂದು ಎಲೆ, ಅದರ ಬುಡದಿಂದ ಎದ್ದ ನಾಲಗೆಯಂತಹ ಒಂದು ಕಡ್ಡಿ, ಇಷ್ಟೇ ಆ ಗಿಡ. ಹಾವಿನ ನಾಲಗೆ ಎಂಬ ಅರ್ಥದ ಓಫಿಯೋಗ್ಲಾಸಮ್ ಎಂದು ಅದರ ಹೆಸರು. ಲೆಕ್ಕ ಎಷ್ಟು ಬಂತು ಗೊತ್ತೇ? ಸುಮಾರು 1260! ಗಿಡಗಳಲ್ಲೆಲ್ಲ ಅತಿ ಹೆಚ್ಚು ವರ್ಣತಂತುಗಳಿರುವ ಗಿಡವೆಂದು ಇಂದಿಗೂ ಹೆಸರಿಸುವುದು ಇದನ್ನೇ.

ಈಜುವ ಕೋಶದ ಬಾಲ

ಲೀಡ್ಸ್‌ನಲ್ಲಿ ಮ್ಯಾಂಟನ್ ಮತ್ತೊಂದು ಕೆಲಸಕ್ಕೂ ಕೈಹಾಕಿದರು. ಅಲ್ಲಿ ಅವರಿಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಸಿಕ್ಕಿತು. ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಕಾಣದ ವಸ್ತುಗಳೂ ಅದರಲ್ಲಿ ಕಾಣುತ್ತವೆ. ಜರೀಗಿಡದ ವೀರ್ಯಾಣು ಈಜಲು ಬಳಸುವ ಕೂದಲಿನಂತಹ ಬಾಲವನ್ನು ಅವರೂ ಕ್ಲಾರ್ಕ್ ಎಂಬ ಸಹೋದ್ಯೋಗಿಯೂ ಅದರಲ್ಲಿ ನೋಡಿದರು. ಬಾಲದೊಳಗೆ ಹನ್ನೊಂದು ಎಳೆಗಳಿದ್ದವು. ಹೊರಗೆ ಸುತ್ತಲೂ ಒಂಬತ್ತು, ನಡುವೆ ಎರಡು. ನಮ್ಮ ಶ್ವಾಸನಾಳದಲ್ಲಿ ಧೂಳನ್ನು ಹೊರದೂಡುವ ಸೂಕ್ಷ್ಮ ರೋಮಗಳಲ್ಲೂ ಇದೇ ಜೋಡಣೆ ಇದೆ. ಬಾವಿಗೋಡೆಯ ಜರೀಗಿಡಕ್ಕೂ ನಮಗೂ ಎಂತಹ ನಂಟು ನೋಡಿ!

1961ರಲ್ಲಿ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಆಯ್ಕೆಯಾದರು. ಅಕ್ಕ ಸಿಡ್ನಿ 1948ರಲ್ಲೇ ಆಯ್ಕೆಯಾಗಿದ್ದರು. ಆ ಸಂಸ್ಥೆಗೆ ಆಯ್ಕೆಯಾದ ಮೊದಲ ಅಕ್ಕ ತಂಗಿಯರು ಇವರೇ. 1969ರಲ್ಲಿ ನಿವೃತ್ತರಾದ ಮೇಲೂ ಐರೀನ್ ಸುಮ್ಮನೆ ಕೂರಲಿಲ್ಲ. ಸಮುದ್ರದ ಅತಿ ಸಣ್ಣ ಜೀವಿಗಳನ್ನು ಹುಡುಕುತ್ತಾ ಹಿಮದ ನಾಡುಗಳವರೆಗೂ ಹೋದರು. 1973ರಲ್ಲಿ ಲಿನಿಯನ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷರಾದರು. 1988ರಲ್ಲಿ ತೀರಿಕೊಂಡರು. ಅವರಿಗೆ ಚಿತ್ರಕಲೆಯಲ್ಲೂ ಬಹಳ ಆಸಕ್ತಿಯಿತ್ತು. ತಾವು ಕೂಡಿಟ್ಟ ಕಲಾಕೃತಿಗಳನ್ನು ಲೀಡ್ಸ್ ವಿಶ್ವವಿದ್ಯಾಲಯಕ್ಕೇ ಬಿಟ್ಟುಹೋದರು.

ಈಗ ಒಂದು ಲೆಕ್ಕ. ವಲ್ಗೇರ್ ಮತ್ತು ಇಂಟರ್ಜೆಕ್ಟಮ್ ಅಕ್ಕಪಕ್ಕ ಬೆಳೆದಲ್ಲಿ ಕೆಲವೊಮ್ಮೆ ಅವೆರಡರ ಸಂಕರ ಗಿಡ ಹುಟ್ಟುತ್ತದೆ. ಒಂದರ ಅರ್ಧ 74, ಇನ್ನೊಂದರ ಅರ್ಧ 111. ಒಟ್ಟು 185. ಈ ಗಿಡ ಸೊಂಪಾಗಿ ಬೆಳೆಯುತ್ತದೆ, ಆದರೆ ಅದರ ಬೀಜಾಣುಗಳು ಹೆಚ್ಚಾಗಿ ಜೊಳ್ಳು. ಎರಡು ಪ್ರಭೇದಗಳು ನಿಜವಾಗಿಯೂ ಬೇರೆ ಎಂಬುದಕ್ಕೆ ಇದೂ ಒಂದು ಸಾಕ್ಷಿ. ಈ ಸಂಕರ ಗಿಡದ ಹೆಸರು ಪಾಲಿಪೋಡಿಯಂ ಮ್ಯಾಂಟೋನಿಯೇ. ಐರೀನ್ ಮ್ಯಾಂಟನ್ ಅವರ ಗೌರವಾರ್ಥ ಇಟ್ಟ ಹೆಸರು ಇದು.

ನೀವೂ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದೇ ತೆರನಾಗಿ ಕಾಣುವ ಎರಡು ಜರೀಗಿಡಗಳ ಒಂದೊಂದು ಬಲಿತ ಎಲೆ, ಬಿಳಿ ಹಾಳೆ, ಅಳತೆಪಟ್ಟಿ, ಶಾಲೆಯ ಭೂತಕನ್ನಡಿ. ಬಾವಿಯ ಒಳಗೆ ಬಗ್ಗಬೇಡಿ. ಪೊದೆಯಲ್ಲಿ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ ನೋಡಿ. ದೊಡ್ಡವರ ಜೊತೆಯಲ್ಲೇ ಹೋಗಿ.

ಎಲೆಯ ಉದ್ದ ಅಗಲ ಅಳೆಯಿರಿ. ಕಿರು ಎಲೆಗಳು ಎಷ್ಟು ಜೊತೆ ಇವೆ? ಅಂಚು ನುಣುಪೋ ಗರಗಸದಂತೋ? ಚುಕ್ಕಿಗಳು ದುಂಡೋ ಉದ್ದವೋ? ಅವು ಅಂಚಿನಲ್ಲಿವೆಯೋ ನಡುವೆಯೋ? ಪ್ರತಿಯೊಂದನ್ನೂ ಎರಡು ಸಾಲಿನಲ್ಲಿ ಬರೆಯಿರಿ. ಆಮೇಲೆ ಚುಕ್ಕಿಗಳ ಭಾಗ ಕೆಳಗಾಗುವಂತೆ ಎಲೆಗಳನ್ನು ಬೇರೆ ಬೇರೆ ಹಾಳೆಯ ಮೇಲಿಟ್ಟು, ಮೇಲೊಂದು ಹಗುರ ಪುಸ್ತಕ ಮುಚ್ಚಿ. ಒಂದೆರಡು ದಿನ ಬಿಟ್ಟು ಮೆಲ್ಲಗೆ ಎತ್ತಿ. ಹಾಳೆಯ ಮೇಲೆ ಬಿದ್ದ ಬೀಜಾಣು ಪುಡಿಯ ಬಣ್ಣ ಎರಡರಲ್ಲೂ ಒಂದೇ ಆಗಿದೆಯೇ?

ಒಂದೇ ಗಿಡದ ನಾಲ್ಕು ಎಲೆಗಳನ್ನೂ ಹೀಗೆಯೇ ಅಳೆಯಿರಿ. ಒಂದೇ ಗಿಡದ ಎಲೆಗಳಲ್ಲಿ ಎಷ್ಟು ವ್ಯತ್ಯಾಸ, ಎರಡು ಗಿಡಗಳ ನಡುವೆ ಎಷ್ಟು ವ್ಯತ್ಯಾಸ? ಹೋಲಿಸಿ ನೋಡಿ. ನೀವು ಬರೆದಿಟ್ಟ ಹಾಳೆಯನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಅವು ಒಂದೇ ಪ್ರಭೇದವೋ ಎರಡೋ ಎಂದು ತರಗತಿಯಲ್ಲಿ ಚರ್ಚಿಸಿ. ನಿಮ್ಮ ಉತ್ತರ ಏನೇ ಇರಲಿ, ಕಾರಣಗಳನ್ನು ಮಾತ್ರ ಪಕ್ಕದಲ್ಲೇ ಬರೆದಿಡಿ. ಅನುಮಾನವಿದ್ದವರು ತಾವೇ ಅಳೆದು, ಎಣಿಸಿ ನೋಡಲಿ.